ಫೋನ್ ಗೀಳಿನ ಪಾಠಕ್ಕೆ ಯಾವ ಫ್ರೆಂಚ್ ಹಾಡು?

ಸ್ಮಾರ್ಟ್‌ಫೋನ್ ಗೀಳಿನ ಬಗ್ಗೆ ಮೊದಲ ಸಲ ಫ್ರೆಂಚ್ ಪಾಠ ಮಾಡಿದಾಗ ನಾನು ತಪ್ಪು ಹಾಡು ಆರಿಸಿದ್ದೆ. ಹಾಡೇನೋ ತುಂಬ ಒಳ್ಳೆಯದು. ಬೆಲ್ಜಿಯಂ ಗಾಯಕ ಸ್ಟ್ರೊಮಾಯ್ ಹಾಡಿದ ‘ಕಾರ್ಮೆನ್’. ಆದರೆ ಕ್ಲಾಸಿನಲ್ಲಿದ್ದವರು ಫ್ರೆಂಚ್ ಶುರು ಮಾಡಿ ಮೂರು ತಿಂಗಳಾಗಿತ್ತು ಅಷ್ಟೆ. ಎಲ್ಲರ ಕೈಗೂ ಹಾಡಿನ ಸಾಲುಗಳ ಹಾಳೆ ಕೊಟ್ಟಿದ್ದೆ. ಅದರಲ್ಲಿ ಇಪ್ಪತ್ತೆರಡು ಖಾಲಿ ಜಾಗ. ಹಾಡು ಮುಗಿದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳ ಹಾಳೆ ನೋಡಿದೆ. ಮೂರು ಪದ ಬರೆದಿದ್ದಳು. ನಾಲ್ಕನೆಯ ಜಾಗದಲ್ಲಿ ಪೆನ್ನಿನ ಚುಕ್ಕೆಯೊಂದೇ ಇತ್ತು. ಅಲ್ಲಿಂದ ಮುಂದೆ ಅವಳು ಸುಮ್ನೆ ಕೂತು ಹಾಡು ಮುಗಿಯಲಿ ಅಂತ ಕಾದಿದ್ದಳು. ‘ಈಗ ನಿಮ್ಮ ಫೋನ್ ಬಗ್ಗೆ ಹೇಳಿ’ ಅಂದೆ. ಒಬ್ಬರೂ ಬಾಯಿ ಬಿಡಲಿಲ್ಲ.

ಆ ದಿನದಿಂದ ಹಾಡು ಆರಿಸುವ ರೀತಿಯೇ ಬದಲಾಯಿತು. ‘ಇದು ಫೋನ್ ಗೀಳಿನ ಬಗ್ಗೆ ಇದೆಯಾ?’ ಅನ್ನುವ ಪ್ರಶ್ನೆಯನ್ನು ಈಗ ಕೊನೆಗೆ ಕೇಳಿಕೊಳ್ಳುತ್ತೇನೆ. ಹಾಡು ಮುಗಿದ ಮೇಲೆ ವಿದ್ಯಾರ್ಥಿ ತನ್ನ ಫೋನಿನ ಬಗ್ಗೆ ಫ್ರೆಂಚಿನಲ್ಲಿ ಎರಡು ವಾಕ್ಯ ಹೇಳಬಲ್ಲನಾ ಅನ್ನುವುದು ನನ್ನ ಮೊದಲ ಪ್ರಶ್ನೆ. ಅದಕ್ಕೆ ಬೇಕಾದ ಪದಗಳು, ವಾಕ್ಯದ ಕಟ್ಟು ಹಾಡಿನಲ್ಲೇ ಸಿಗುತ್ತವಾ, ಇಲ್ಲ ನಾನು ಕೈಯಿಂದ ಹಾಕಬೇಕಾ? ಇನ್ನೊಂದು ಪ್ರಶ್ನೆ ನನಗೆ ಇದಕ್ಕಿಂತ ಮುಖ್ಯ. ಹಾಡು ಕೇಳುವವರಿಗೆ ಬೈಯುತ್ತದೆಯಾ?

ಫೋನ್ ಹಿಡಿದವರು ಮನೆಯಲ್ಲೂ ಹೊರಗೂ ಬೈಸಿಕೊಂಡೇ ಇರುತ್ತಾರೆ. ಕೆಳಗಿಡು, ಕಣ್ಣು ಹಾಳಾಗುತ್ತದೆ, ಓದು ಅಂತ. ಅದನ್ನೇ ಫ್ರೆಂಚಿನಲ್ಲಿ ರಾಗ ಹಾಕಿ ಕೇಳಿಸಿದರೆ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡುತ್ತಾರೆ? ತಲೆ ತಗ್ಗಿಸಿ ‘ವಿ, ಮದಾಮ್’ ಅಂದು ಸುಮ್ಮನಾಗುತ್ತಾರೆ. ಭಾಷೆಯ ಕ್ಲಾಸಿನಲ್ಲಿ ನಮಗೆ ಬೇಕಾಗಿರುವುದು ಮಾತು. ಹಾಗಾಗಿ ಕಥೆ ಹೇಳುವ ಹಾಡು, ನಗಿಸುವ ಹಾಡು, ‘ನಾನೂ ಹೀಗೇ’ ಅಂತ ಒಪ್ಪಿಕೊಳ್ಳುವ ಹಾಡು, ಇವು ಉಪದೇಶದ ಹಾಡಿಗಿಂತ ಯಾವಾಗಲೂ ಮೇಲು. ಕೆಳಗೆ ಹೋಲಿಸಿರುವುದೆಲ್ಲ ಈ ಲೆಕ್ಕದಲ್ಲೇ.

ಹೊಸಬರ ಕ್ಲಾಸಿಗೆ: ಹಳೆಯ ಫೋನಿನ ಹಾಡು

ಎ1 ಅಂದರೆ ಭಾಷೆ ಕಲಿಕೆಯ ಮೊದಲ ಮೆಟ್ಟಿಲು, ಆಮೇಲೆ ಎ2, ಬಿ1, ಬಿ2 ಹೀಗೆ ಮೇಲಕ್ಕೆ. ಎ1 ಮಟ್ಟದವರಿಗೆ ನನ್ನ ಆಯ್ಕೆ ಕೇಳಿದರೆ ಆಶ್ಚರ್ಯವಾಗಬಹುದು. ಅದು ಸ್ಮಾರ್ಟ್‌ಫೋನಿನ ಹಾಡೇ ಅಲ್ಲ. ನಿನೊ ಫೆರೇರ್ 1967ರಲ್ಲಿ ಹಾಡಿದ ‘ಲ ತೆಲೆಫೊನ್’. ಮನೆಯಲ್ಲಿ ಫೋನ್ ಹೊಡೆದುಕೊಳ್ಳುತ್ತಲೇ ಇದೆ, ಗಾಸ್ತೊಂ ಅನ್ನುವವನನ್ನು ಕೂಗಿ ಕರೆಯುತ್ತಿದ್ದಾರೆ, ಯಾರೂ ಎತ್ತುವುದಿಲ್ಲ. ಪಲ್ಲವಿ ಅಷ್ಟೆ. ಎರಡನೆಯ ಸಲ ಬರುವ ಹೊತ್ತಿಗೆ ಎಲ್ಲರ ಬಾಯಲ್ಲೂ ಇರುತ್ತದೆ.

ಈ ಪಲ್ಲವಿಯಲ್ಲಿ ಆಡುಮಾತಿನ ಒಂದು ಕಟ್ಟು ಇದೆ: ‘ಇಲ್ ಯ... ಕಿ...’. ‘ಫೋನ್ ಹೊಡೆದುಕೊಳ್ಳುತ್ತಿದೆ’ ಅನ್ನುವುದಕ್ಕೆ ಫ್ರೆಂಚರು ‘ಫೋನೊಂದಿದೆ, ಅದು ಹೊಡೆದುಕೊಳ್ಳುತ್ತಿದೆ’ ಅನ್ನುವ ಹಾಗೆ ಹೇಳುತ್ತಾರೆ. ಮಾತಿನಲ್ಲಿ ‘ಇಲ್’ ಬಿದ್ದುಹೋಗಿ ಬರೀ ‘ಯ’ ಉಳಿಯುತ್ತದೆ. ಪುಸ್ತಕದಲ್ಲಿ ಇದು ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಇಲ್ಲಿ ಹತ್ತು ನಿಮಿಷದಲ್ಲಿ ಸಿಗುತ್ತದೆ. ಆಮೇಲೆ ಕ್ಲಾಸಿನಲ್ಲಿ ಏನು ನಡೆದರೂ ಅದರಲ್ಲೇ ಹೇಳಿಸಬಹುದು. ಪಕ್ಕದವಳು ನಗುತ್ತಿದ್ದಾಳೆ, ಫ್ಯಾನ್ ಶಬ್ದ ಮಾಡುತ್ತಿದೆ, ಯಾರದೋ ಚೀಲದಲ್ಲಿ ಏನೋ ನಡುಗುತ್ತಿದೆ.

ಗೀಳಿನ ವಿಷಯ ಎಲ್ಲಿಂದ ಬರುತ್ತದೆ? ಹೋಲಿಕೆಯಿಂದ. ಆಗಿನ ಫೋನು ಎಷ್ಟು ಹೊಡೆದುಕೊಂಡರೂ ಯಾರೂ ಹತ್ತಿರ ಹೋಗುತ್ತಿಲ್ಲ. ಈಗಿನದು ಸುಮ್ಮನೆ ಬಿದ್ದಿದ್ದರೂ ಕೈ ಹೋಗುತ್ತದೆ. ‘ಆವಾಂ’ ಅಂದರೆ ಮೊದಲು, ‘ಮ್ಯಾಂತ್ನಾಂ’ ಅಂದರೆ ಈಗ. ಈ ಎರಡು ಪದ ಬೋರ್ಡ್ ಮೇಲೆ ಬರೆದರೆ ಮೂರು ತಿಂಗಳ ವಿದ್ಯಾರ್ಥಿಯೂ ಏನಾದರೂ ಹೇಳುತ್ತಾನೆ. ಯಾರ ಮೇಲೂ ಬೆರಳು ತೋರಿಸಿದ ಹಾಗೆ ಆಗುವುದಿಲ್ಲ. ಇದು ಅರವತ್ತರ ದಶಕದ ತಮಾಷೆ ಹಾಡು ನೋಡಿ.

ಇದರ ಒಂದು ಕೊರತೆ ಹೇಳಬೇಕು. ಶೀರ್ಷಿಕೆಯ ಕಾಗುಣಿತವೇ ಬೇಕಂತಲೇ ತಪ್ಪು. ‘ಪಿ-ಎಚ್’ ಇರಬೇಕಾದ ಜಾಗದಲ್ಲಿ ‘ಎಫ್’ ಇದೆ, ಕೊನೆಯ ಅಕ್ಷರ ಇಲ್ಲ. ಹೊಸಬರು ಅದನ್ನೇ ಕಲಿತುಬಿಡುತ್ತಾರೆ. ಸರಿಯಾದ ಕಾಗುಣಿತವನ್ನು ಪಕ್ಕದಲ್ಲಿ ದೊಡ್ಡದಾಗಿ ಬರೆದಿಡಿ. ಹಾಡಿನ ಚರಣಗಳು ವೇಗವಾಗಿವೆ, ಅವುಗಳ ತಂಟೆಗೇ ಹೋಗಬೇಡಿ.

ಹಳೆಯದರಲ್ಲಿ ಇನ್ನೊಂದಿದೆ, ಕ್ಲೋದ್ ಫ್ರಾಂಸ್ವಾ ಅವರ 1974ರ ‘ಲ ತೆಲೆಫೊನ್ ಪ್ಲರ್’. ಒಬ್ಬ ಗಂಡಸು ಫೋನ್ ಮಾಡುತ್ತಾನೆ, ಆ ಕಡೆ ಎತ್ತುವುದು ಪುಟ್ಟ ಹುಡುಗಿ. ಮಾತುಕತೆಯ ರೂಪದಲ್ಲಿರುವುದರಿಂದ ಕೇಳಲು ಸುಲಭ. ದೊಡ್ಡವರ ಕ್ಲಾಸಿಗೆ ಹಿಡಿಸುತ್ತದೆ. ಆದರೆ ಇದು ದುಃಖದ ಹಾಡು. ಗೀಳಿನ ಚರ್ಚೆಗೆ ತಿರುಗಿಸಲು ಹೋದರೆ ಎಳೆದು ತಂದ ಹಾಗೆ ಕಾಣುತ್ತದೆ. ಫೋನಿನಲ್ಲಿ ಮಾತಾಡುವ ರೀತಿ ಕಲಿಸುವುದಾದರೆ ಮಾತ್ರ ನಾನು ಇದನ್ನು ತೆಗೆದುಕೊಳ್ಳುತ್ತೇನೆ.

ಸುಝಾನ್ ಮತ್ತು ಆಂಜೆಲ್

ಎ2ಗೆ ಬಂದವರ ಮುಂದೆ ಎರಡು ಒಳ್ಳೆಯ ದಾರಿಗಳಿವೆ. ಎರಡೂ ಈಚಿನ ಹಾಡುಗಳು, ಎರಡನ್ನೂ ಹಾಡಿದವರು ಹೆಂಗಸರು. ಆದರೆ ಕ್ಲಾಸಿನಲ್ಲಿ ಹುಟ್ಟುವ ಮಾತು ಬೇರೆ ಬೇರೆ.

ಸುಝಾನ್ ಫ್ರಾನ್ಸಿನ ಆವಿನ್ಯೊಂ ಊರಿನವರು. ಎಲೆಕ್ಟ್ರಾನಿಕ್ ತಾಳದ ಮೇಲೆ ಕಥೆ ಹೇಳುವ ಹಾಗೆ ಹಾಡುತ್ತಾರೆ. 2020ರಲ್ಲಿ ಬಂದ ‘ತೊಯ್ ತೊಯ್’ ಆಲ್ಬಮ್‌ನಲ್ಲಿ ಅವರ ‘ಮೊಸ್ಯೊ ಪೊಮ್’ ಇದೆ. ನೇರವಾಗಿ ಫೋನ್ ಗೀಳಿನ ಹಾಡು. ‘ಪೊಮ್’ ಅಂದರೆ ಸೇಬು, ‘ಮೊಸ್ಯೊ’ ಅಂದರೆ ಶ್ರೀಯುತರು. ಕಚ್ಚಿದ ಸೇಬಿನ ಗುರುತು ಎಲ್ಲರಿಗೂ ಗೊತ್ತಿರುವುದರಿಂದ ಶೀರ್ಷಿಕೆ ಬರೆದ ತಕ್ಷಣ ಕ್ಲಾಸು ಊಹಿಸಿಬಿಡುತ್ತದೆ. ಹಾಡು ಹಾಕುವ ಮೊದಲೇ ಕೆಲಸ ಶುರುವಾಗುತ್ತದೆ.

ಫೋನನ್ನು ಒಬ್ಬ ಮನುಷ್ಯನ ಹಾಗೆ ಕರೆದಿರುವುದೇ ಈ ಶೀರ್ಷಿಕೆಯ ಲಾಭ. ನಾನು ಕೇಳುವ ಪ್ರಶ್ನೆ ಇದು: ‘ನಿಮ್ಮ ಫೋನು ಮನುಷ್ಯ ಆಗಿದ್ದರೆ ನೀನು ಅಂತೀರಾ, ನೀವು ಅಂತೀರಾ?’ ಫ್ರೆಂಚಿನ ‘ತ್ಯು’ ಮತ್ತು ‘ವು’ ಅನ್ನು ಕನ್ನಡದವರಿಗೆ ವಿವರಿಸಬೇಕಾಗಿಯೇ ಇಲ್ಲ, ನಮ್ಮ ‘ನೀನು, ನೀವು’ ಇದ್ದೇ ಇದೆ. ಆದರೆ ಆರಿಸಿಕೊಳ್ಳುವುದು ಅಷ್ಟು ಸುಲಭ ಅಲ್ಲ. ಒಬ್ಬ ವಿದ್ಯಾರ್ಥಿ ತಟ್ಟನೆ ‘ನೀನು’ ಅಂದ, ಹಾಸಿಗೆಯಲ್ಲೂ ಜೊತೆಗಿರುತ್ತದಲ್ಲ ಅಂತ. ಪಕ್ಕದವಳು ತಲೆಯಾಡಿಸಿ ‘ನೀವು’ ಅಂದಳು. ಯಾಕೆ ಅಂದರೆ, ‘ಅದು ಕರೆದಾಗಲೆಲ್ಲ ನಾನು ಎದ್ದು ಹೋಗುತ್ತೇನೆ’ ಅಂದಳು. ಆ ದಿನ ಎಲ್ಲರೂ ತಮ್ಮ ಫೋನಿಗೆ ಐದು ಸಾಲಿನ ಪತ್ರ ಬರೆದರು. ಅರ್ಧ ಜನ ‘ತ್ಯು’, ಅರ್ಧ ಜನ ‘ವು’. ಕ್ರಿಯಾಪದದ ರೂಪಗಳನ್ನು ನಾನು ಬೇರೆಯಾಗಿ ಅಭ್ಯಾಸ ಮಾಡಿಸಲೇ ಇಲ್ಲ.

ಬ್ರಸೆಲ್ಸ್‌ನ ಆಂಜೆಲ್ ಹಾಡಿದ ‘ವಿಕ್ತಿಮ್ ದೆ ರೆಝೊ’ 2018ರ ‘ಬ್ರೊಲ್’ ಆಲ್ಬಮ್‌ನದು. ಬೆಲ್ಜಿಯಂ ಫ್ರೆಂಚಿನಲ್ಲಿ ‘ಬ್ರೊಲ್’ ಅಂದರೆ ಚೆಲ್ಲಾಪಿಲ್ಲಿ ಬಿದ್ದ ಸಾಮಾನು. ಈ ಹಾಡು ಫೋನ್ ಬಗ್ಗೆ ಅಲ್ಲ, ಸಾಮಾಜಿಕ ಜಾಲತಾಣದ ಬಗ್ಗೆ. ‘ರೆಝೊ’ ಪದಕ್ಕೆ ಮೊದಲು ಸಣ್ಣ ಬಲೆ ಅನ್ನುವ ಅರ್ಥವಿತ್ತು. ನಮ್ಮ ‘ಜಾಲತಾಣ’ದಲ್ಲಿ ಇರುವುದೂ ಬಲೆಯೇ ಅಲ್ವಾ? ಶೀರ್ಷಿಕೆಯನ್ನು ಪದಕ್ಕೆ ಪದ ಇಟ್ಟರೆ ‘ಬಲೆಗಳಿಗೆ ಬಲಿಯಾದವರು’. ಇದನ್ನು ಒಂದು ಸಲ ಹೇಳಿದರೆ ಸಾಕು, ಆ ಪದ ಮರೆಯುವುದಿಲ್ಲ.

ಯಾವುದು ಯಾರಿಗೆ? ಹದಿಹರೆಯದವರಿಗೆ ಆಂಜೆಲ್. ಅವರ ದಿನದ ಚಿಂತೆ ಫೋನ್ ಅಲ್ಲ. ಅದರೊಳಗೆ ತಾವು ಹೇಗೆ ಕಾಣುತ್ತೇವೆ, ಯಾರು ಲೈಕ್ ಕೊಟ್ಟರು, ಯಾರು ಕೊಡಲಿಲ್ಲ ಅನ್ನುವುದು. ದನಿ ಮೆದು, ಉಚ್ಚಾರ ಸ್ಪಷ್ಟ, ಎರಡನೆಯ ಸಲ ಕೇಳುವಾಗಲೇ ಸಾಲುಗಳು ಬಿಡಿಬಿಡಿಯಾಗಿ ಕಿವಿಗೆ ಸಿಗುತ್ತವೆ. ದೊಡ್ಡವರಿಗೆ, ಕೆಲಸಕ್ಕೆ ಹೋಗುವವರಿಗೆ ಸುಝಾನ್. ಅವರಿಗೆ ಫೋನೇ ತಲೆನೋವು, ಆಫೀಸಿನಿಂದ ಬಂದ ಮೇಲೂ ಬಿಡುವುದಿಲ್ಲ. ಸುಝಾನ್ ಹಾಡಿನ ಮಾತು ದಟ್ಟ. ಅದನ್ನು ಪೂರ್ತಿ ಅರ್ಥ ಮಾಡಿಸಲು ಹೊರಟರೆ ಒಂದು ಪೀರಿಯಡ್ ಸಾಲುವುದಿಲ್ಲ. ಒಂದು ಚರಣ, ಒಂದು ಪಲ್ಲವಿ ಸಾಕು.

ಮತ್ತೆ ‘ಕಾರ್ಮೆನ್’ಗೆ ಬರುತ್ತೇನೆ

ಅದನ್ನು ನಾನು ಬಿಡಲಿಲ್ಲ. ಇಷ್ಟು ಹುರುಳಿರುವ ಹಾಡು ಈ ವಿಷಯದಲ್ಲಿ ಇನ್ನೊಂದಿಲ್ಲ ಅಂತ ಈಗಲೂ ಅನ್ನಿಸುತ್ತದೆ. ಬೇಕಾಗಿರುವುದು ಬಿ1 ದಾಟಿದ ಕ್ಲಾಸು.

ಹಾಡುಗಾರನ ಹೆಸರೇ ಒಂದು ಪಾಠ. ‘ಮಾಯೆಸ್ಟ್ರೊ’ ಅನ್ನುವುದನ್ನು ತುಂಡು ಮಾಡಿ ತಿರುಗಿಸಿದರೆ ‘ಸ್ಟ್ರೊಮಾಯ್’. ಪದದ ಹಿಂದು ಮುಂದು ಮಾಡಿ ಮಾತಾಡುವ ಈ ರೂಢಿಗೆ ಫ್ರೆಂಚಿನಲ್ಲಿ ‘ವೆರ್ಲಾಂ’ ಅನ್ನುತ್ತಾರೆ. ‘ತಿರುಗಾಮುರುಗಾ’ ಅನ್ನುವ ಅರ್ಥದ ‘ಲಾಂವೆರ್’ ಅನ್ನೇ ತಿರುಗಿಸಿ ಮಾಡಿದ ಪದ ಅದು.

ರಾಗ ಫ್ರೆಂಚ್ ಸಂಗೀತಗಾರ ಬಿಝೆ ಅವರ ಅಪೆರಾದ್ದು, ಅಂದರೆ ಸಂಗೀತ ನಾಟಕದ್ದು. 1875ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿದ ‘ಕಾರ್ಮೆನ್’ ಅಪೆರಾದ ‘ಹಬನೆರಾ’ ಅನ್ನುವ ಹಾಡು. ಅಪೆರಾ ಹೆಸರೇ ಕೇಳದವರಿಗೂ ಈ ರಾಗ ಎಲ್ಲೋ ಕಿವಿಗೆ ಬಿದ್ದಿರುತ್ತದೆ. ಅಪೆರಾದಲ್ಲಿ ಪ್ರೀತಿ ಮಾತು ಕೇಳದ ಹಕ್ಕಿ. ಸ್ಟ್ರೊಮಾಯ್ ಆ ಹಕ್ಕಿಯನ್ನು ಟ್ವಿಟರಿನ ನೀಲಿ ಹಕ್ಕಿ ಮಾಡಿದರು. ಹಾಡು 2013ರ ಆಲ್ಬಮ್‌ನಲ್ಲಿ ಬಂತು, ಸಿಲ್ವ್ಯಾಂ ಶೊಮೆ ಮಾಡಿದ ಕಾರ್ಟೂನ್ ಕ್ಲಿಪ್ 2015ರಲ್ಲಿ. ಹುಡುಗನ ಹೆಗಲ ಮೇಲೆ ಕೂರುವ ಪುಟ್ಟ ಹಕ್ಕಿ ಬೆಳೆಯುತ್ತಾ ಬೆಳೆಯುತ್ತಾ ಅವನನ್ನೇ ಹೊತ್ತುಕೊಂಡು ಹೋಗುವಷ್ಟು ದೊಡ್ಡದಾಗುತ್ತದೆ.

ಹಾಡಿನಲ್ಲಿ ‘ಬ್ಲ’ ಅನ್ನುವ ಪದ ಬರುತ್ತದೆ, ನೀಲಿ ಅಂತ ಅರ್ಥ. ಆದರೆ ಬೆಲ್ಜಿಯಂನಲ್ಲಿ ಯಾರ ಮೇಲಾದರೂ ‘ನೀಲಿ’ ಆಗುವುದು ಅಂದರೆ ಅವರ ಮೇಲೆ ಮನಸ್ಸಾಗುವುದು. ಹಕ್ಕಿಯ ಬಣ್ಣ, ಪ್ರೀತಿಯ ಹುಚ್ಚು, ಎರಡೂ ಒಂದೇ ಪದದಲ್ಲಿ. ಫ್ರಾನ್ಸಿನ ನಿಘಂಟು ಮಾತ್ರ ನೋಡಿದವರಿಗೆ ಇದು ಹೊಳೆಯುವುದಿಲ್ಲ. ಪಲ್ಲವಿಯಲ್ಲಿ ಇನ್ನೊಂದು ಆಟ ಇದೆ. ‘ಕೊಂಸೆಮ್’ ಅಂದರೆ ‘ನಾವು ಒಬ್ಬರನ್ನೊಬ್ಬರು ಪ್ರೀತಿಸುವುದು’, ‘ಕೊಂಸೊಮ್’ ಅಂದರೆ ‘ಬಳಸಿ ಮುಗಿಸುವುದು’. ಕನ್ನಡ ಲಿಪಿಯಲ್ಲಿ ಬರೆದರೆ ಒಂದೇ ಸ್ವರದ ವ್ಯತ್ಯಾಸ. ಬೋರ್ಡ್ ಮೇಲೆ ಎರಡನ್ನೂ ಒಂದರ ಕೆಳಗೆ ಒಂದು ಬರೆದು ಸುಮ್ನೆ ನಿಂತುಬಿಡಿ. ಯಾರಾದರೊಬ್ಬರು ‘ಓ’ ಅನ್ನುತ್ತಾರೆ. ಆ ‘ಓ’ಗಾಗಿಯೇ ನಾನು ಈ ಹಾಡನ್ನು ವರ್ಷ ವರ್ಷವೂ ಹಾಕುತ್ತೇನೆ.

ಎರಡು ಎಚ್ಚರಿಕೆ. 2023ರಲ್ಲಿ ಟ್ವಿಟರ್ ಹೆಸರು ಬದಲಾಗಿ ನೀಲಿ ಹಕ್ಕಿ ಹೋಯಿತು. ಹದಿಮೂರು ಹದಿನಾಲ್ಕು ವರ್ಷದವರಿಗೆ ಆ ಹಕ್ಕಿ ಏನು ಅಂತ ಹೇಳಬೇಕಾಗುತ್ತದೆ. ಇನ್ನೊಂದು, ಕ್ಲಿಪ್ಪಿನ ಕೊನೆ ಸ್ವಲ್ಪ ಅಸಹ್ಯ. ಪೂರ್ತಿ ಮೊದಲು ನೀವೇ ನೋಡಿ, ಎಲ್ಲಿ ನಿಲ್ಲಿಸಬೇಕು ಅಂತ ಗುರುತು ಮಾಡಿಟ್ಟುಕೊಳ್ಳಿ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ.

ಹಾಗಾದರೆ ಬಿ1ಗಿಂತ ಕೆಳಗಿನವರಿಗೆ ಇದು ಸಿಗುವುದೇ ಇಲ್ಲವಾ? ಸಿಗುತ್ತದೆ, ಹಾಡಾಗಿ ಅಲ್ಲ. ಆ ಮೊದಲ ಪಾಠದ ಮರುವರ್ಷ ಎ2 ಕ್ಲಾಸಿನಲ್ಲಿ ಕ್ಲಿಪ್ಪಿನ ದನಿ ತೆಗೆದು ಬರೀ ಚಿತ್ರ ತೋರಿಸಿದೆ. ಮೂವತ್ತು ಸೆಕೆಂಡಿಗೊಮ್ಮೆ ನಿಲ್ಲಿಸಿ ಏನಾಗುತ್ತಿದೆ ಅಂತ ಕೇಳಿದೆ. ‘ಲ್ವಾಝೊ ಗ್ರಾಂದಿ’, ಹಕ್ಕಿ ದೊಡ್ಡದಾಗುತ್ತಿದೆ. ‘ಇಲ್ ಎ ತ್ರಿಸ್ತ್’, ಅವನಿಗೆ ಬೇಜಾರಾಗಿದೆ. ಮೂರು ಪದದ ವಾಕ್ಯಗಳು, ಆದರೆ ಮಾತು ನಿಲ್ಲಲಿಲ್ಲ. ಕೊನೆಗೆ ಒಬ್ಬರು ‘ಹಕ್ಕಿಗೆ ಏನು ಊಟ ಹಾಕುತ್ತಿದ್ದಾನೆ?’ ಅಂತ ಕೇಳಿದರು. ಆ ಪ್ರಶ್ನೆಗೆ ಇಡೀ ಕ್ಲಾಸು ಉತ್ತರ ಹುಡುಕಿತು. ಅದಾದ ಮೇಲೆ ಹಾಡನ್ನು ದನಿಯ ಜೊತೆ ಒಂದೇ ಒಂದು ಸಲ ಹಾಕಿದೆ, ಪ್ರಶ್ನೆ ಏನೂ ಕೇಳದೆ.

ಕ್ಲಾಸಿಗೆಂದೇ ಮಾಡಿದ ಹಾಡು, ನೀವೇ ಕಟ್ಟಿದ ಹಾಡು

ಕಲಿಯುವವರಿಗೆಂದೇ ಬರೆದ ಹಾಡುಗಳು ನಿಧಾನವಾಗಿರುತ್ತವೆ, ವ್ಯಾಕರಣ ಅಚ್ಚುಕಟ್ಟಾಗಿರುತ್ತದೆ. ಆದರೆ ಈ ವಿಷಯದಲ್ಲಿ ನಾನು ಕೇಳಿದವು ಬಹುಪಾಲು ಉಪದೇಶಕ್ಕೆ ಇಳಿಯುತ್ತವೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಪರವಾಗಿಲ್ಲ. ದೊಡ್ಡವರಿಗೆ ಬೇಡ.

ಅದಕ್ಕಿಂತ ನೀವೇ ಕಟ್ಟುವುದು ಒಳ್ಳೆಯದು. ಎಲ್ಲರಿಗೂ ಗೊತ್ತಿರುವ ‘ಫ್ರೆರ್ ಜಾಕ್’ ತೆಗೆದುಕೊಳ್ಳಿ. ‘ದೊರ್ಮೆ ವು’, ಅಂದರೆ ‘ಮಲಗಿದ್ದೀರಾ’, ಅನ್ನುವ ಕಡೆ ‘ಸ್ಕ್ರೊಲೆ ವು’ ಹಾಕಿ. ತಾಳ ಒಂದಿಷ್ಟೂ ಕೆಡುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಜಾಕ್ ಅಣ್ಣ ಎದ್ದೇ ಇದ್ದಾನೆ! ಇಲ್ಲಿ ಒಂದು ವ್ಯಾಕರಣದ ಮಾತೂ ಬರುತ್ತದೆ. ನಾವು ‘ಸ್ಕ್ರೋಲ್ ಮಾಡು, ಲೈಕ್ ಮಾಡು’ ಅಂತ ಇಂಗ್ಲಿಷ್ ಪದಕ್ಕೆ ‘ಮಾಡು’ ಸೇರಿಸುತ್ತೇವೆ. ಫ್ರೆಂಚರು ಪದದ ಬಾಲಕ್ಕೇ ಪ್ರತ್ಯಯ ಅಂಟಿಸಿ ‘ಸ್ಕ್ರೊಲೆ, ಲೈಕೆ’ ಅನ್ನುತ್ತಾರೆ. ಹೊಸದಾಗಿ ಬರುವ ಇಂಥ ಕ್ರಿಯಾಪದಗಳೆಲ್ಲ ‘ಪಾರ್ಲೆ’ (ಮಾತಾಡು) ಥರವೇ ನಡೆಯುತ್ತವೆ. ಹೊಸಬರಿಗೆ ಇದು ದೊಡ್ಡ ಧೈರ್ಯ. ಒಂದು ಕ್ರಿಯಾಪದ ಬಂದರೆ ಅಷ್ಟೂ ಬಂದ ಹಾಗೆ.

ಹಾಡಿನಲ್ಲಿ ಉಚ್ಚಾರ ಕಲಿಸುವವರು ಒಂದು ವಿಷಯ ಗಮನದಲ್ಲಿಡಬೇಕು. ಹಳೆಯ ಹಾಡುಗಳಲ್ಲಿ, ಮಕ್ಕಳ ಹಾಡುಗಳಲ್ಲಿ ಪದದ ಕೊನೆಯ ‘ಅ’ ಕೇಳುತ್ತದೆ. ‘ಫ್ರೆ-ರ ಜಾ-ಕ’ ಅಂತ ನಾಲ್ಕು ಪೆಟ್ಟಿಗೆ ಹಾಡುತ್ತಾರೆ. ಮಾತಿನಲ್ಲಿ ಅದು ಎರಡೇ ಪೆಟ್ಟು, ‘ಫ್ರೆರ್ ಜಾಕ್’. ಈಗಿನ ಪಾಪ್ ಮತ್ತು ರ‍್ಯಾಪ್‌ನಲ್ಲಿ ಇದು ಉಲ್ಟಾ. ಅಲ್ಲಿ ಆಡುಮಾತಿನ ಹಾಗೇ ನುಂಗುತ್ತಾರೆ, ‘ಇಲ್ಲ’ ಅನ್ನಲು ಬಳಸುವ ‘ನ... ಪಾ’ದ ‘ನ’ ಹೋಗಿಬಿಡುತ್ತದೆ. ಕನ್ನಡದವರು ಪದದ ಕೊನೆಗೆ ಸ್ವರ ಸೇರಿಸಿ ಮಾತಾಡುವ ರೂಢಿಯವರು. ಹಳೆಯ ಹಾಡು ಆ ರೂಢಿಯನ್ನೇ ಗಟ್ಟಿ ಮಾಡುತ್ತದೆ. ಹಾಗಾಗಿ ಹಾಡಿದ ಸಾಲನ್ನು ಆಮೇಲೆ ಮಾತಿನಂತೆ ಒಂದು ಸಲ ಹೇಳಿಸಿ.

ಹಾಡು ಸಿಕ್ಕ ಮೇಲೆ

ಖಾಲಿ ಜಾಗ ತುಂಬಿಸುವುದು ಎಲ್ಲರೂ ಮಾಡುವ ಕೆಲಸ. ತಪ್ಪಲ್ಲ. ಆದರೆ ಎಂಟಕ್ಕಿಂತ ಜಾಸ್ತಿ ಬೇಡ. ಒಂದರ ಹಿಂದೆ ಒಂದು ಸಾಲಿನಲ್ಲಿ ಬೇಡ, ಬರೆಯಲು ಉಸಿರು ಬೇಕು. ಗೊತ್ತಿಲ್ಲದ ಪದವನ್ನು ತೆಗೆಯಬೇಡಿ, ಗೊತ್ತಿರುವ ಪದವನ್ನು ತೆಗೆಯಿರಿ. ಗೊತ್ತಿಲ್ಲದ ಪದ ಯಾರ ಕಿವಿಗೂ ಬೀಳುವುದಿಲ್ಲ.

ನನಗೆ ಹಿಡಿಸಿದ್ದು ಒಂದೇ ಪದವನ್ನು ಹಿಡಿದು ಕೂರುವುದು. ಈ ವಿಷಯಕ್ಕೆ ಆ ಪದ ‘ಅಕ್ರೊ’. ‘ಅಕ್ರೊ’ ಅಂದರೆ ಚಟ ಹತ್ತಿದವನು, ಅಷ್ಟು ಸಾಕು. ‘ಅಕ್ರೊಶೆ’ ಅನ್ನುವ ಕ್ರಿಯಾಪದದಿಂದ ಬಂದದ್ದು. ಕೊಕ್ಕೆಗೆ ಸಿಕ್ಕಿಸು ಅಂತ ಅರ್ಥ. ಅಂದರೆ ‘ಅಕ್ರೊ’ ಕೊಕ್ಕೆಗೆ ಸಿಕ್ಕಿಕೊಂಡವನು. ಒಂದು ಕ್ಲಾಸಿನಲ್ಲಿ ಬೋರ್ಡ್ ಮೇಲೆ ಕೊಕ್ಕೆಯ ಚಿತ್ರ ಬರೆದೆ. ಪಕ್ಕದಲ್ಲಿ ಗೋಡೆಗೆ ತೂಗುಹಾಕಿದ ಹಳೆಯ ಫೋನ್. ರಿಸೀವರನ್ನು ಕೊಕ್ಕೆಯಿಂದ ತೆಗೆದರೆ ‘ದೆಕ್ರೊಶೆ’, ಫೋನ್ ಎತ್ತುವುದು. ಮತ್ತೆ ಕೊಕ್ಕೆಗೆ ಹಾಕಿದರೆ ‘ರಕ್ರೊಶೆ’, ಫೋನ್ ಇಡುವುದು. ಈಗಿನ ಫೋನಿಗೆ ಕೊಕ್ಕೆ ಇಲ್ಲದಿದ್ದರೂ ಫ್ರೆಂಚರು ಇವತ್ತಿಗೂ ಹೀಗೇ ಹೇಳುತ್ತಾರೆ.

ಆಮೇಲೆ ಕೇಳಿದೆ: ‘ಚಟ ಬಿಡುವುದಕ್ಕೆ ಏನಂತಾರೆ, ಊಹಿಸಿ.’ ಹಿಂದಿನ ಸಾಲಿನ ಹಿರಿಯರೊಬ್ಬರು ಕೊಕ್ಕೆಯನ್ನೇ ನೋಡುತ್ತಾ ನಿಧಾನವಾಗಿ ‘ದೆಕ್ರೊಶೆ?’ ಅಂದರು. ಹೌದು. ಅದೇ ಪದ. ಫೋನ್ ಎತ್ತುವುದಕ್ಕೂ ಅದೇ, ಫೋನಿನ ಗೀಳಿನಿಂದ ಬಿಡಿಸಿಕೊಳ್ಳುವುದಕ್ಕೂ ಅದೇ. ಓದು ಅರ್ಧಕ್ಕೆ ಬಿಟ್ಟು ಹೋಗುವುದಕ್ಕೂ ಅದನ್ನೇ ಬಳಸುತ್ತಾರೆ. ಮುಂದಿನ ಹದಿನೈದು ನಿಮಿಷ ನಾನು ಮಾತಾಡಲೇ ಇಲ್ಲ. ಯಾರು ಯಾವಾಗ ‘ದೆಕ್ರೊಶೆ’ ಮಾಡುತ್ತಾರೆ, ಯಾವ ಅರ್ಥದಲ್ಲಿ, ಅಂತ ಅವರೇ ವಾಕ್ಯ ಕಟ್ಟಿದರು.

ಇಂಥ ಇನ್ನೊಂದು ಜೋಡಿ ‘ಪಾಸೆ’. ಫೋನಿನಲ್ಲಿ ಹೊತ್ತು ಕಳೆಯುವುದಕ್ಕೆ ‘ಪಾಸೆ ದ್ಯು ತಾಂ’. ಫೋನ್ ಇಲ್ಲದೆ ಇರುವುದಕ್ಕೆ ‘ಸ ಪಾಸೆ ದ’. ನಮ್ಮವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ‘ಫೋನಿನಲ್ಲಿ’ ಅನ್ನುವುದನ್ನು ಹಾಗೇ ತಿರುಗಿಸಿ ‘ದಾಂ’ ಹಾಕುತ್ತಾರೆ. ಫ್ರೆಂಚಿನಲ್ಲಿ ಅದು ಫೋನಿನ ‘ಮೇಲೆ’, ಅಂದರೆ ‘ಸ್ಯುರ್’. ಒಂದು ಕಡೆ ಕನ್ನಡ ನಮ್ಮ ಕೈ ಹಿಡಿಯುತ್ತದೆ. ‘ಐದು ವರ್ಷದಿಂದ ನನ್ನ ಹತ್ತಿರ ಫೋನ್ ಇದೆ’ ಅಂತ ನಾವು ವರ್ತಮಾನದಲ್ಲೇ ಹೇಳುತ್ತೇವೆ. ಫ್ರೆಂಚಿನಲ್ಲಿ ಈ ‘ಇಂದ’ಕ್ಕೆ ಬಳಸುವ ‘ದಪ್ವಿ’ಯೂ ಹಾಗೇ. ಇಂಗ್ಲಿಷಿನ ದಾರಿಯಲ್ಲಿ ಯೋಚಿಸಿದವರು ಎಡವುತ್ತಾರೆ, ಕನ್ನಡದಲ್ಲಿ ಯೋಚಿಸಿದವರಿಗೆ ಸಲೀಸು. ಇನ್ನು ‘ಫೋನ್ ಕಳೆದುಹೋದರೆ’ ಅನ್ನುವ ಮಾತು. ನಿಜವಾಗಿ ಕಳೆಯಬಹುದಾದರೂ, ಬರೀ ಕಲ್ಪನೆಯಾದರೂ ಕನ್ನಡದಲ್ಲಿ ಒಂದೇ ರೂಪ ನಡೆಯುತ್ತದೆ. ಫ್ರೆಂಚಿನಲ್ಲಿ ‘ಒಂದು ವೇಳೆ’ ಅನ್ನುವ ‘ಸಿ’ ಆದ ಮೇಲೆ ಕಾಲ ಬದಲಾಗುತ್ತದೆ. ಬಿ1 ಕ್ಲಾಸಿನಲ್ಲಿ ಪಲ್ಲವಿಯ ರಾಗಕ್ಕೆ ‘ಫೋನ್ ಇಲ್ಲದ ಒಂದು ದಿನ’ ಅಂತ ನಾಲ್ಕು ಸಾಲು ಬರೆಸಿ. ಎರಡು ರೂಪಗಳೂ ತಾವಾಗಿಯೇ ಬೇಕಾಗುತ್ತವೆ.

ಫೋನಿನ ಹೆಸರೇ ಊರೂರಿಗೆ ಬೇರೆ. ಫ್ರಾನ್ಸಿನಲ್ಲಿ ‘ಪೊರ್ತಾಬ್ಲ್’, ಬೆಲ್ಜಿಯಂನಲ್ಲಿ ‘ಜೆಎಸ್ಎಂ’, ಸ್ವಿಟ್ಜರ್ಲೆಂಡಿನಲ್ಲಿ ‘ನಾತೆಲ್’, ಕ್ವಿಬೆಕ್‌ನಲ್ಲಿ ‘ಸೆಲ್ಯುಲೆರ್’. 2018ರಲ್ಲಿ ಫ್ರಾನ್ಸ್ ಸರಕಾರ ‘ಸ್ಮಾರ್ಟ್‌ಫೋನ್’ ಬದಲು ‘ಮೊಬಿಲ್ ಮ್ಯುಲ್ತಿಫೊಂಕ್ಸ್ಯೊಂ’ ಬಳಸಿ ಅಂತ ಹೇಳಿತು. ಜನರ ಬಾಯಲ್ಲಿ ಅದು ನಿಲ್ಲಲಿಲ್ಲ. ಆಂಜೆಲ್, ಸ್ಟ್ರೊಮಾಯ್ ಇಬ್ಬರೂ ಬೆಲ್ಜಿಯಂನವರಾದ್ದರಿಂದ ಅವರ ಹಾಡು ಹಾಕಿದ ದಿನ ‘ಜೆಎಸ್ಎಂ’ ಹೇಳಿಕೊಡಿ. ಎಪ್ಪತ್ತಕ್ಕೆ ‘ಸೆಪ್ತಾಂತ್’, ತೊಂಬತ್ತಕ್ಕೆ ‘ನೊನಾಂತ್’ ಅನ್ನುವುದನ್ನೂ ಸೇರಿಸಬಹುದು. ಫ್ರಾನ್ಸಿನ ‘ಅರವತ್ತು ಹತ್ತು’ ಲೆಕ್ಕದಲ್ಲಿ ಸುಸ್ತಾದವರಿಗೆ ನೆಮ್ಮದಿ.

ಸಂಖ್ಯೆ ಅಂದ ಮೇಲೆ ‘ತಾಂ ದೆಕ್ರಾಂ’, ಅಂದರೆ ಪರದೆ ನೋಡಿದ ಹೊತ್ತು. ಈಗಿನ ಬಹುಪಾಲು ಸ್ಮಾರ್ಟ್‌ಫೋನುಗಳು ಅದರ ಲೆಕ್ಕ ಇಟ್ಟಿರುತ್ತವೆ. ಗಂಟೆ, ನಿಮಿಷ ಹೇಳಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಆದರೆ ಯಾರನ್ನೂ ಅವರ ನಿಜವಾದ ಲೆಕ್ಕ ಹೇಳು ಅಂತ ಒತ್ತಾಯ ಮಾಡಬೇಡಿ. ಕೆಲವರಿಗೆ ಆ ಸಂಖ್ಯೆ ನಿಜವಾಗಿಯೂ ನೋವು ಕೊಡುತ್ತದೆ. ಕಲ್ಪನೆಯ ಒಬ್ಬ ಮನುಷ್ಯನ ಲೆಕ್ಕ ಬರೆಯಲು ಹೇಳಿ. ತಮ್ಮದನ್ನು ಹೇಳಬೇಕು ಅನ್ನಿಸಿದವರು ತಾವಾಗಿಯೇ ಹೇಳುತ್ತಾರೆ.

ಬಿ1, ಬಿ2 ಕ್ಲಾಸಿನಲ್ಲಿ ಹಾಡಿನಿಂದ ಚರ್ಚೆಗೆ ಹೋಗಬೇಕಾದರೆ ಫ್ರಾನ್ಸಿನ ಎರಡು ಕಾನೂನುಗಳು ಕೈಯಲ್ಲಿರಲಿ. 2018ರ ಆಗಸ್ಟ್ 3ರ ಕಾನೂನು ಶಾಲೆ ಮತ್ತು ‘ಕೊಲೆಜ್’ಗಳಲ್ಲಿ (ನಮ್ಮ ಕಾಲೇಜಲ್ಲ, ಅಲ್ಲಿನ ಮಾಧ್ಯಮಿಕ ಶಾಲೆ) ಮಕ್ಕಳು ಫೋನ್ ಬಳಸುವುದನ್ನು ನಿಷೇಧಿಸಿತು, ಪಾಠಕ್ಕಾಗಿ ಬಳಸುವುದಕ್ಕೆ ವಿನಾಯಿತಿ ಇಟ್ಟು. 2017ರ ಜನವರಿ 1ರಿಂದ ‘ದ್ರ್ವಾ ಆ ಲಾ ದೆಕೊನೆಕ್ಸ್ಯೊಂ’ ಇದೆ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕು. ಹದಿಹರೆಯದವರಿಗೆ ಮೊದಲನೆಯದು, ಉದ್ಯೋಗಿಗಳಿಗೆ ಎರಡನೆಯದು. ದೆಲ್ಫ್ ಅನ್ನುವ ಫ್ರೆಂಚ್ ಪರೀಕ್ಷೆಯ ಬಿ1 ಮೌಖಿಕದಲ್ಲಿ ಒಂದು ಚಿಕ್ಕ ಬರಹ ಓದಿ ನಿಮ್ಮ ಅಭಿಪ್ರಾಯ ಹೇಳಬೇಕಾಗುತ್ತದಲ್ಲ, ಅದಕ್ಕೂ ಇದು ನೇರ ತಯಾರಿ.

ಹಾಡನ್ನು ಸ್ಪೀಕರಿನಲ್ಲಿ ಹಾಕಬೇಕೋ, ಅವರವರ ಫೋನಿನಲ್ಲಿ ಕೇಳಿಸಬೇಕೋ? ಮೊದಲ ಸಲ ಸ್ಪೀಕರ್, ಫೋನುಗಳೆಲ್ಲ ಚೀಲದಲ್ಲಿ. ಒಟ್ಟಿಗೆ ಕೇಳಿದಾಗ ಒಬ್ಬರ ನಗು ಇನ್ನೊಬ್ಬರಿಗೆ ಅರ್ಥದ ಸುಳಿವು ಕೊಡುತ್ತದೆ. ಎರಡನೆಯ ಸಲ ಇಬ್ಬರಿಗೊಂದು ಫೋನ್, ಹತ್ತು ನಿಮಿಷ. ನಿಧಾನ ಕಲಿಯುವವರು ಬೇಕಾದ ಸಾಲನ್ನು ನಾಲ್ಕು ಸಲ ಕೇಳಬಹುದು. ಸ್ಪೀಕರಿನಲ್ಲಿ ಆ ಅವಕಾಶ ಇಲ್ಲ. ಹಾಳೆ ತಯಾರಿಸಲು ಹೊತ್ತಿಲ್ಲದಿದ್ದರೆ ಫ್ರೆಂಚ್ ಟಿವಿ ವಾಹಿನಿ ತೆವೆ ಸ್ಯಾಂಕ್ ಮೊಂದ್‌ನ (TV5MONDE) ಕಲಿಕೆ ತಾಣದಲ್ಲಿ ಮಟ್ಟದ ಪ್ರಕಾರ ಉಚಿತ ಅಭ್ಯಾಸಗಳು ಸಿಗುತ್ತವೆ.

ಒಂದೇ ಪೀರಿಯಡ್ ಇದ್ದು, ಕ್ಲಾಸಿನಲ್ಲಿ ಎ1ನವರೂ ಬಿ1ನವರೂ ಬೆರೆತು ಕೂತಿದ್ದರೆ ನಾನು ‘ಕಾರ್ಮೆನ್’ ಕ್ಲಿಪ್ಪನ್ನೇ ದನಿ ಇಲ್ಲದೆ ತೋರಿಸುತ್ತೇನೆ. ಎ1ನವರು ಕಂಡದ್ದನ್ನು ಹೇಳಲಿ, ಬಿ1ನವರು ಹಕ್ಕಿಯ ಪರವಾಗಿ ಮಾತಾಡಲಿ. ಕೊಕ್ಕೆಯ ಚಿತ್ರ ಬೋರ್ಡ್ ಮೇಲೆ ಮೊದಲೇ ಬರೆದಿಟ್ಟಿರಿ.